ಹೆಸರು ಅಳಿಸಿದ ಡಬ್ಬಿಯ ಬಗ್ಗೆ, ಅಳಿಸಿದವರಿಗೆ

ಶಾಲಾ ಮಂಡಳಿಯ ನೀತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಕಳೆದ ಮಂಗಳವಾರ ನಿಮ್ಮ ಕಚೇರಿಯ ಪತ್ರ ತಲುಪಿತು. ಏಳು ವರ್ಷದ ನನ್ನ ಮೊಮ್ಮಗಳು ಫೆಮ್ಕೆ "ಸಹಪಾಠಿಗಳ ಆರೋಗ್ಯ ಸಂಬಂಧಿ ಮಾಹಿತಿಯನ್ನು ಅನುಮತಿಯಿಲ್ಲದೆ ಸಂಗ್ರಹಿಸಿದ್ದಾಳೆ" ಎಂದೂ, ಆ ಮಾಹಿತಿಯಿರುವ ನೋಟ್‌ಬುಕ್ಕನ್ನು ಹದಿನಾಲ್ಕು ದಿನಗಳೊಳಗೆ ನಾಶಪಡಿಸಿ ಲಿಖಿತವಾಗಿ ದೃಢಪಡಿಸಬೇಕೆಂದೂ ಅದರಲ್ಲಿ ಬರೆದಿದ್ದೀರಿ. ನೋಟ್‌ಬುಕ್ಕಿನ ಮುಖಪುಟದಲ್ಲಿ ಒಂದು ಮೊಲವಿದೆ. ಒಳಗೆ ಇಪ್ಪತ್ತಾರು ಮಕ್ಕಳ ಹೆಸರುಗಳಿವೆ. ನಾಶಪಡಿಸುವುದಿಲ್ಲ. ನಿಮ್ಮ ಸಮಯ ಅಮೂಲ್ಯವೆಂದು ನಿಮ್ಮ ಕಾರ್ಯದರ್ಶಿ ಫೋನಿನಲ್ಲಿ ಮೂರು ಸಲ ಹೇಳಿದ್ದರಿಂದ ಈ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಮುಗಿಸಿದ್ದೇನೆ. ಇನ್ನು ಮುಂದಿನದನ್ನು ನೀವು ಓದದಿದ್ದರೂ ಈ ಬಡಾವಣೆಯ ಪತ್ರಿಕೆಯನ್ನು ತರಿಸುವ ಎಲ್ಲ ಮನೆಯವರೂ ಓದುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಾರ್ಚಿನಿಂದೀಚೆಗೆ ಖಾಸಗಿಯಾಗಿ ಬರೆದ ನನ್ನ ಮೂರು ಪತ್ರಗಳಿಗೆ ನಿಮ್ಮಿಂದ ಬಂದದ್ದು ಒಂದೇ ಸಾಲು: "ನಿಮ್ಮ ಭಾವನೆಗಳನ್ನು ಗಮನಿಸಲಾಗಿದೆ." ಗಮನಿಸಿ ಎಲ್ಲಿಟ್ಟಿರಿ ಸ್ವಾಮಿ? ಯಾವ ಕಪಾಟಿನಲ್ಲಿ?

ನಾನು ಯಾರೆಂದರೆ, ಐಸೆಲ್ ನದಿಯ ದಂಡೆಯ ನಿಮ್ಮದೇ ಶಾಲೆಯೊಂದರಲ್ಲಿ ಮಕ್ಕಳು ಮಧ್ಯಾಹ್ನ ಬ್ರೆಡ್ ತಿನ್ನುವಾಗ ಅವರನ್ನು ನೋಡಿಕೊಳ್ಳುವ ಮುದುಕಿ. ಆರು ವರ್ಷಗಳಿಂದ ಚೆಲ್ಲಿದ ಜ್ಯೂಸ್ ಒರೆಸಿದ್ದೇನೆ, ಬಿದ್ದ ಹಲ್ಲುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ಕಳಿಸಿದ್ದೇನೆ. ಫೆಮ್ಕೆಗೆ ಹಾಲು ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆ ಗುಡುಗುಡು ಅನ್ನುವುದಲ್ಲ. ಬೆಣ್ಣೆ ಬೆರೆಸಿದ ಒಂದು ತುಂಡು ಬಿಸ್ಕತ್ತು ಸಾಕು, ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ. ಯಾವ ಕಿಟಕಿಯಿಂದ ಇಣುಕಿದರೂ ಹಸುವೇ ಕಾಣುವ ಊರಿನಲ್ಲಿ, ಚೀಸ್ ತಿನ್ನದವರನ್ನು ಸಂಶಯದಿಂದ ನೋಡುವ ಜನರ ನಡುವೆ ಅವಳು ಹುಟ್ಟಿದಳು. ಅವಳ ತಪ್ಪೋ ನಮ್ಮ ತಪ್ಪೋ ದೇವರಿಗೇ ಗೊತ್ತು.

ನಮ್ಮ ಶಾಲೆಗಳಲ್ಲಿ ಯಾರದೇ ಹುಟ್ಟುಹಬ್ಬವಾದರೂ ಆ ಮಗು ಇಡೀ ತರಗತಿಗೆ ತಿಂಡಿ ಹಂಚುತ್ತದೆ. ಫೆಮ್ಕೆಯನ್ನು ಬಿಟ್ಟು ತರಗತಿಯಲ್ಲಿ ಇಪ್ಪತ್ತಾರು ಮಕ್ಕಳೆಂದರೆ ವರ್ಷಕ್ಕೆ ಇಪ್ಪತ್ತಾರು ಸಲ. ನಾಲ್ಕನೇ ವಯಸ್ಸಿನಲ್ಲಿ ಶಾಲೆಗೆ ಸೇರಿದ ಮೊದಲ ತಿಂಗಳಲ್ಲೇ ಫೆಮ್ಕೆ ಐದು ಸಲ ಬರಿಗೈಯಲ್ಲಿ ಕೂತಳು. ಆರನೇ ಸಲ ಟೀಚರ್ ತಮ್ಮ ಮೇಜಿನ ಖಾನೆಯಿಂದ ಒಣದ್ರಾಕ್ಷಿಯ ಪುಟ್ಟ ಪೆಟ್ಟಿಗೆ ತೆಗೆದುಕೊಟ್ಟರು. ಮನೆಗೆ ಬಂದು, "ಅಜ್ಜೀ, ಎಲ್ರಿಗೂ ಕೇಕು, ನಂಗೆ ಮಾತ್ರ ಔಷಧಿ ಕೊಟ್ರು" ಅಂದಳು. ಅವತ್ತೇ ನಾನು ಬುಧವಾರದ ಅಡುಗೆಮನೆಗೆ ಹೋದೆ.

ಆ ಅಡುಗೆಮನೆ ನಿಮಗೆ ಚೆನ್ನಾಗಿ ಗೊತ್ತು. ಸಮುದಾಯ ಭವನದ ಹಿಂಭಾಗದಲ್ಲಿದೆ. ಬುಧವಾರ ಮಧ್ಯಾಹ್ನ ಶಾಲೆ ಬೇಗ ಬಿಟ್ಟ ಮೇಲೆ ಐದಾರು ಮನೆಯವರು ಅಲ್ಲಿ ಸೇರುತ್ತೇವೆ. ಸಿಟಿ ಬಸ್ ಓಡಿಸುವ ವಿಲ್ಲೆಮೈನ್ ಅದನ್ನು ಶುರು ಮಾಡಿದವಳು. ಫೆಮ್ಕೆಯ ತರಗತಿಯಲ್ಲೇ ಇರುವ ಅವಳ ಮಗ ಟೈಮನ್‌ಗೆ ಬೀಜಗಳು ಆಗುವುದಿಲ್ಲ: ಬಾದಾಮಿ, ಗೋಡಂಬಿ, ಹೇಜಲ್‌ನಟ್, ಯಾವುದೂ. ನಾನು ಮೊದಲ ದಿನ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಾಗ ಅವಳು, "ಅಳೋಕೆ ಬಂದಿದ್ರೆ ಕುರ್ಚಿ ಅಲ್ಲಿದೆ, ಅಡುಗೆಗೆ ಬಂದಿದ್ರೆ ಏಪ್ರನ್ ಇಲ್ಲಿದೆ. ಎರಡೂ ಒಟ್ಟಿಗೇ ಮಾಡ್ತೀನಂದ್ರೂ ನಮ್ದೇನೂ ತಕರಾರಿಲ್ಲ" ಅಂದಳು. ಓಟ್ಸ್ ಹಾಲಿನಲ್ಲಿ ಪ್ಯಾನ್‌ಕೇಕ್ ಹರಿಯದಂತೆ ಹೊಯ್ಯುವುದನ್ನು ಅಲ್ಲಿ ಕಲಿತೆ. ಕಾಬೂಲಿ ಕಡಲೆ ಬೆಂದ ನೀರಿಗೆ ಸಕ್ಕರೆ ಹಾಕಿ ಕಡೆದರೆ ಮೊಟ್ಟೆಯ ಬಿಳಿಯಂತೆಯೇ ನೊರೆ ಏಳುತ್ತದೆ, ಸಣ್ಣ ಉರಿಯ ಓವನ್‌ನಲ್ಲಿ ಒಣಗಿಸಿದರೆ ಬಾಯಲ್ಲಿಟ್ಟರೆ ಕರಗುವ ಬಿಳಿ ಮಿಠಾಯಿಯಾಗುತ್ತದೆ ಎಂಬುದನ್ನೂ ಅಲ್ಲೇ ಕಲಿತೆ. ಅರವತ್ತು ವರ್ಷ ಕಡಲೆ ನೀರನ್ನು ಮೋರಿಗೆ ಚೆಲ್ಲಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ವೈದ್ಯರು ಏನು ತಿನ್ನಬಾರದೆಂದು ಹೇಳಿ ಕಳಿಸುತ್ತಾರೆ, ಏನು ತಿನ್ನಬಹುದೆಂದು ಹೇಳಿದ್ದು ಆ ಅಡುಗೆಮನೆ ಮಾತ್ರ.

ಡಬ್ಬಿಯ ಉಪಾಯ ಹುಟ್ಟಿದ್ದೂ ಅಲ್ಲೇ. ಅಲರ್ಜಿ ಇರುವ ಪ್ರತಿ ಮಗುವಿಗೂ ತನ್ನದೇ ಒಂದು ಡಬ್ಬಿ. ಮೇಲೆ ಮಗುವಿನ ಫೋಟೋ, ಹೆಸರು, ಕೆಂಪು ಅಕ್ಷರದಲ್ಲಿ ಏನು ಆಗುವುದಿಲ್ಲ ಎಂಬುದು. ಅದನ್ನು ಮಗುವೇ ಮನೆಯಲ್ಲಿ ತುಂಬಿಸಿ ತರಗತಿಯ ಕಪಾಟಿನಲ್ಲಿ ಇಡುತ್ತದೆ. ಯಾರದಾದರೂ ಹುಟ್ಟುಹಬ್ಬ ಬಂದಾಗ ಎದ್ದು ಹೋಗಿ ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ನನ್ನ ಅಮ್ಮನ ಕಾಲದ ನೀಲಿ ರಸ್ಕ್ ಡಬ್ಬಿಯನ್ನು ಫೆಮ್ಕೆಗೆ ಕೊಟ್ಟೆ. ಮುಚ್ಚಳ ಸ್ವಲ್ಪ ತಗ್ಗಾಗಿತ್ತು. ಕೆಲವೇ ವಾರಗಳಲ್ಲಿ ಬೇರೆ ಮಕ್ಕಳು, "ನಂಗೂ ಡಬ್ಬಿ ಬೇಕು, ನಂಗ್ಯಾಕೆ ಅಲರ್ಜಿ ಇಲ್ಲ?" ಎಂದು ಅಮ್ಮಂದಿರ ಪ್ರಾಣ ತಿನ್ನತೊಡಗಿದರು. ನಾನು ಫೆಮ್ಕೆಗೆ ಹೇಳಿಕೊಟ್ಟದ್ದು ಒಂದೇ ಪಾಠ: "ಯಾರು ಏನು ಕೊಟ್ರೂ ಬೇಡ ಅನ್ನು. ಡಬ್ಬೀದು ಮಾತ್ರ ಕಣ್ಮುಚ್ಕೊಂಡು ತಿನ್ನು." ಮೂರು ವರ್ಷ ಆ ಪಾಠದಿಂದ ಒಂದು ತೊಂದರೆಯೂ ಬರಲಿಲ್ಲ.

ಆಮೇಲೆ ನಿಮ್ಮ ಗಮನ ನಮ್ಮ ಮೇಲೆ ಬಿತ್ತು. ನಿಮ್ಮ ಕಚೇರಿಯ ಯುವಕನೊಬ್ಬ ಬಂದು ಫೋಟೋ ತೆಗೆದ, ಎರಡು ಪ್ಯಾನ್‌ಕೇಕ್ ತಿಂದ, "ಇದನ್ನು ಎಲ್ಲಾ ಶಾಲೆಗೂ ತರೋಣ ಮೇಡಂ" ಅಂದ. ನಾವು ಹಿಗ್ಗಿದೆವು. ಆರು ತಿಂಗಳ ನಂತರ, ತರಗತಿಯಲ್ಲಿ ತಿಂಡಿ ಹಂಚುವುದು ಹೇಗೆಂಬ ಹನ್ನೊಂದು ಪುಟದ ಸತ್ಕಾರ ನೀತಿ ಬಂತು. ಅದರ ಪ್ರಕಾರ, ಹೆಸರು ಮತ್ತು ಫೋಟೋ ಇರುವ ಡಬ್ಬಿ ಮಗುವಿನ ಮೇಲೆ ಮುದ್ರೆ ಒತ್ತುತ್ತದೆ, ಅದರ ಆರೋಗ್ಯದ ಗುಟ್ಟನ್ನು ಬಹಿರಂಗಪಡಿಸುತ್ತದೆ. ಆದ್ದರಿಂದ ತರಗತಿಗೆ ಒಂದೇ ಡಬ್ಬಿ, ಬೂದು ಬಣ್ಣದ್ದು, ಮೇಲೆ "ಇತರ ಮಕ್ಕಳು" ಎಂಬ ಚೀಟಿ. ಬಣ್ಣದ ಪೊಟ್ಟಣಗಳು ಮಕ್ಕಳಲ್ಲಿ ಹೋಲಿಕೆ ಹುಟ್ಟಿಸುತ್ತವಾದ್ದರಿಂದ ಎಲ್ಲರ ತಿಂಡಿಯನ್ನೂ ಒಂದೇ ಥರದ ಬಿಳಿ ಕಾಗದದ ಚೀಲಗಳಿಗೆ ಹಾಕಿಡತಕ್ಕದ್ದು. ಅಂದರೆ, ಬೀಜ ಆಗದ ಟೈಮನ್‌ನ ಬೆಣ್ಣೆ ಬಿಸ್ಕತ್ತೂ ಹಾಲು ಆಗದ ಫೆಮ್ಕೆಯ ಬಾದಾಮಿ ಉಂಡೆಯೂ ಒಂದೇ ಡಬ್ಬಿಯಲ್ಲಿ, ಒಂದೇ ಥರದ ಬಿಳಿ ಚೀಲಗಳಲ್ಲಿ, ಗುರುತಿಲ್ಲದೆ! ಸಮಾನತೆ ಎಂದರೆ ಇದೇ ಇರಬೇಕು: ಇಬ್ಬರಿಗೂ ಸಾಯುವ ಅವಕಾಶ ಸಮಸಮ.

ನೀತಿಯ ಪ್ರತಿ ಕೈಗೆ ಬಂದ ದಿನವೇ ವಿಲ್ಲೆಮೈನ್ ಬಸ್ಸಿನ ಸಮವಸ್ತ್ರದಲ್ಲೇ ನನ್ನ ಮನೆಗೆ ಓಡಿ ಬಂದಳು. "ಹೆರ್ಮಿನಾ, ಇದನ್ನ ಓದಿದ್ರಾ? ನನ್ ಮಗನ ಅನ್ನ ನಿಮ್ ಮೊಮ್ಮಗಳ ವಿಷ. ಇವ್ರಿಗೆ ತಲೆ ನೆಟ್ಟಗಿದ್ಯಾ?"

ನಾನು ಏನಂದೆ ಗೊತ್ತೇ? "ಓದಿದೋರು ಮಾಡಿರೋದು ಕಣೇ. ಏನೋ ಯೋಚ್ನೆ ಮಾಡಿರ್ತಾರೆ. ಮತ್ತೆ ಗಲಾಟೆ ಮಾಡಿದ್ರೆ ಆ ಅಲರ್ಜಿಯವ್ರದ್ದು ಯಾವಾಗ್ಲೂ ಇದ್ದಿದ್ದೇ ಅಂತಾರೆ." ನಮ್ಮ ಕಡೆ ಒಂದು ಮಾತಿದೆಯಲ್ಲ, ಎಲ್ಲರ ಹಾಗೆ ಇರು, ಅದೇ ಸಾಕಷ್ಟು ಹುಚ್ಚು ಅಂತ. ಆ ಮಾತು ಕೇಳಿಕೊಂಡೇ ಬೆಳೆದವಳು ನಾನು. ಬಾಯಿ ಮುಚ್ಚಿಕೊಂಡೆ. ವಿಲ್ಲೆಮೈನ್ ಒಬ್ಬಳೇ ನಿಮಗೆ ಎರಡು ಸಲ ಬರೆದಳು. ಅವಳ ಭಾವನೆಗಳನ್ನೂ ನೀವು ಗಮನಿಸಿದಿರಿ. ನೀಲಿ ಡಬ್ಬಿ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ವಾಪಸು ಬಂತು.

ಮಾರ್ಚ್ ತಿಂಗಳ ಒಂದು ಗುರುವಾರ, ಸ್ಟೈನ್ ಎಂಬ ಹುಡುಗನ ಹುಟ್ಟುಹಬ್ಬ. ಕಾಯಂ ಟೀಚರ್ ರಜೆಯಲ್ಲಿದ್ದರು. ಆ ವಾರದಲ್ಲಿ ಮೂರನೆಯವರಾಗಿ ಬಂದ ಬದಲಿ ಟೀಚರ್, ಪಾಪ, ಇನ್ನೂ ಎಳೆ ಹುಡುಗಿ, ನಿಮ್ಮ ನೀತಿಯನ್ನು ಅಕ್ಷರಶಃ ಪಾಲಿಸಿದಳು. ಸ್ಟೈನ್ ಎಲ್ಲರಿಗೂ ಕೇಕ್ ಹಂಚುವಾಗ ಅವಳು ಬೂದು ಡಬ್ಬಿ ತೆಗೆದು ಫೆಮ್ಕೆಯ ಮುಂದೆ ಹಿಡಿದಳು. ಫೆಮ್ಕೆ ಕೇಳಿದಳು. ಇದನ್ನು ನೆನಪಿಡಿ ಮಾನ್ಯರೇ, ಮಗು ಕೇಳಿತು.

"ಮಿಸ್, ಇದು ನನ್ ಡಬ್ಬೀನಾ?"

"ಹೂಂ ಪುಟ್ಟಾ, ನಿನ್ನಂಥೋರ್ದೇ ಡಬ್ಬಿ. ತಗೋ."

ಅವಳ ಕೈಗೆ ಬಂದ ಬಿಳಿ ಚೀಲದಲ್ಲಿದ್ದದ್ದು ಟೈಮನ್‌ನ ಬೆಣ್ಣೆ ಬಿಸ್ಕತ್ತು. ನಾನು ಹನ್ನೆರಡಕ್ಕೆ ಪಾಳಿಗೆ ಬಂದಾಗ ಅವಳು ಕೋಟುಗಳನ್ನು ನೇತುಹಾಕುವ ಗೂಟದ ಕೆಳಗೆ ನಿಂತು ಕತ್ತು ಕೆರೆದುಕೊಳ್ಳುತ್ತಿದ್ದಳು. ತುಟಿ ದಪ್ಪಗಾಗಿತ್ತು. "ಅಜ್ಜೀ, ಗಂಟ್ಲಲ್ಲಿ ಏನೋ ಕೂತ್ಕೊಂಡಿದೆ, ಹೋಗ್ತಾನೇ ಇಲ್ಲ" ಅಂದಳು. ಅಷ್ಟು ಮಾತಿಗೇ ಉಸಿರು ಸಾಲದೆ ಸೀಟಿಯಂತೆ ಸದ್ದು ಬಂತು. ಔಷಧಿಯ ಸೂಜಿ ನನ್ನ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಪ್ಯಾಂಟಿನ ಮೇಲಿನಿಂದಲೇ ತೊಡೆಗೆ ಚುಚ್ಚಿ ಹತ್ತು ಎಣಿಸಿದೆ. ಆಂಬ್ಯುಲೆನ್ಸ್ ಬಂದಾಗ ಏಪ್ರನ್ನಿನಲ್ಲೇ ಅವಳ ಜೊತೆ ಹತ್ತಿದೆ. ಆಸ್ಪತ್ರೆಯಲ್ಲಿ ಮೂಗಿನ ಮೇಲಿನ ಮಾಸ್ಕ್ ತೆಗೆದ ಕೂಡಲೇ ಫೆಮ್ಕೆ ನನ್ನ ಕಡೆ ತಿರುಗಿ ಹೇಳಿದ ಮೊದಲ ಮಾತು: "ಡಬ್ಬೀದೇ ತಿಂದೆ ಅಜ್ಜಿ. ನೀನೇ ಹೇಳಿದ್ದೆ."

ಹೌದು, ನಾನೇ ಹೇಳಿದ್ದೆ. ನಿಮ್ಮ ಹನ್ನೊಂದು ಪುಟ ಓದಿಯೂ ಆ ಪಾಠವನ್ನು ವಾಪಸು ತೆಗೆದುಕೊಳ್ಳಲು ಮರೆತೆ. ನನ್ನ ಪಾಲಿನ ತಪ್ಪನ್ನು ನಾನು ಇಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದೇನೆ. ನಿಮ್ಮ ಪಾಲು ಇನ್ನೂ ಹಾಗೇ ಇದೆ.

ವಿಚಾರಣೆಯ ಸಭೆಗೆ ನನ್ನನ್ನೂ ಅವಳ ಅಮ್ಮನನ್ನೂ ಕರೆದಿರಿ. ಕಾಫಿ ಬಂತು, ತಲೆಗೊಂದು ಬಿಸ್ಕತ್ತು ಬಂತು, ನಮ್ಮ ಕಡೆಯ ಪದ್ಧತಿಯಂತೆ ಕೂಡಲೇ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಮುಚ್ಚಿತು. ನೀವು ಘಟನೆ ಎಂದಿರಿ, ಪ್ರಕ್ರಿಯೆ ಎಂದಿರಿ, ಪಾಠ ಕಲಿಯುವ ಅವಕಾಶ ಎಂದಿರಿ. ನನ್ನ ಮಗಳು ಕೇಳಿದಳು: "ಸರ್, ತಪ್ಪಾಯ್ತು ಅನ್ನೋ ಒಂದು ಮಾತು ನಿಮ್ ಬಾಯಲ್ಲಿ ಬರಲ್ವಾ?" ಆ ಪದವನ್ನು ಬಳಸಿದರೆ ಹೊಣೆಗಾರಿಕೆಯ ಪ್ರಶ್ನೆ ಏಳುತ್ತದೆಂದು ನಿಮ್ಮ ಪಕ್ಕದಲ್ಲಿದ್ದವರು ವಿವರಿಸಿದರು. ಏಳಲಿ ಎಂದೇ ಅಲ್ಲವೇ ಕೇಳಿದ್ದು? ಕೊನೆಗೆ, ಬದಲಿ ಟೀಚರುಗಳಿಗೆ ಅರ್ಧ ದಿನದ ತರಬೇತಿ ಕೊಡುವುದಾಗಿ ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೂದು ಡಬ್ಬಿ ಇಂದಿಗೂ ಕಪಾಟಿನಲ್ಲಿದೆ. ಚೀಟಿ ಮಾತ್ರ ಹೊಸದು: "ವಿಶೇಷ ಮಕ್ಕಳು."

ಈಗ ಫೆಮ್ಕೆಯ ವಿಷಯ ಕೇಳಿ. ಅವಳು ಯಾರ ಕೈಯಿಂದಲೂ ಏನನ್ನೂ ತಿನ್ನುತ್ತಿಲ್ಲ. ನನ್ನ ಮನೆಯಲ್ಲಿ ಬ್ರೆಡ್ ಕೊಟ್ಟರೆ ಪೊಟ್ಟಣ ತರಿಸಿ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಾಳೆ. ಓದಿ ಮುಗಿದ ಮೇಲೂ, "ಚಾಕು ಬೇರೆ ತಾನೇ ಅಜ್ಜಿ?" ಅನ್ನುತ್ತಾಳೆ. ಅವಳು ಹುಟ್ಟಿದ ದಿನದಿಂದ ನಮ್ಮ ಮನೆಯೊಳಗೆ ಬೆಣ್ಣೆ ಬಂದಿಲ್ಲ, ಅದು ಅವಳಿಗೂ ಗೊತ್ತು. ಆದರೂ ಕೇಳುತ್ತಾಳೆ. ನಾನು ಉತ್ತರ ಹೇಳುತ್ತೇನೆ, ಅವಳು ನನ್ನ ಮುಖ ನೋಡುತ್ತಾಳೆ, ಆಮೇಲೆ ಅರ್ಧ ತಿಂದು ತಟ್ಟೆ ಸರಿಸುತ್ತಾಳೆ. ಈ ಎರಡು ತಿಂಗಳಲ್ಲಿ ಎರಡು ಕಿಲೋ ಇಳಿದಿದ್ದಾಳೆ. ಏಳು ವರ್ಷದ ಮೈಯಲ್ಲಿ ಎರಡು ಕಿಲೋ ಎಂದರೆ ಎಷ್ಟು ಎಂಬುದನ್ನು ನಿಮ್ಮ ಹನ್ನೊಂದು ಪುಟಗಳಲ್ಲಿ ಯಾವ ಕಲಮಿನಡಿ ಸೇರಿಸಬೇಕೋ ಸೇರಿಸಿಕೊಳ್ಳಿ.

ಮುಂದಿನ ತಿಂಗಳು ಹದಿನಾಲ್ಕಕ್ಕೆ ಅವಳ ಹುಟ್ಟುಹಬ್ಬ. ಬುಧವಾರದ ಅಡುಗೆಮನೆಯಲ್ಲಿ ವಿಲ್ಲೆಮೈನ್ ಅವಳನ್ನು, "ಏನಮ್ಮಾ, ಈ ಸಲ ತರಗತಿಗೆ ಏನು ಹಂಚ್ತೀಯಾ?" ಎಂದು ಕೇಳಿದಳು.

"ಏನೂ ಹಂಚಲ್ಲ ಆಂಟಿ. ನಾನು ಕೊಟ್ಟಿದ್ದು ತಿಂದು ಯಾರಿಗಾದ್ರೂ ನನ್ ಥರ ಆದ್ರೆ?"

ವಿಲ್ಲೆಮೈನ್ ಕೈ ಒರೆಸಿಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಹಂಗಾದ್ರೆ ಕೇಳ್ಬಿಡೇ. ನಿಂಗೆ ಏನು ತಿಂದ್ರೆ ಆಗಲ್ಲ ಅಂತ ಒಬ್ಬೊಬ್ರನ್ನೇ ಕೇಳು. ಬಾಯಿ ಇರೋದು ಯಾಕೆ?"

ಮೊಲದ ನೋಟ್‌ಬುಕ್ ಹುಟ್ಟಿದ್ದು ಹೀಗೆ. ಹನ್ನೊಂದು ಪುಟ ಬರೆದ ನೀವು ಕೇಳದ ಪ್ರಶ್ನೆಯನ್ನು ಅವಳು ನಾಲ್ಕು ದಿನಗಳಲ್ಲಿ ಇಪ್ಪತ್ತಾರು ಮಕ್ಕಳಿಗೆ ಕೇಳಿದಳು: "ಏನು ತಿಂದ್ರೆ ನಿಂಗೆ ಆಗಲ್ಲ?" ಟೈಮನ್: ಬೀಜ. ಎಸ್ರಾ: ಹಂದಿ ಜೆಲಾಟಿನ್ ಇರೋ ಮಿಠಾಯಿ ಬೇಡ, ಮನೇಲಿ ಬೈತಾರೆ. ಸ್ಟೈನ್: ಎಲ್ಲಾ ಆಗತ್ತೆ, ಆದ್ರೆ ಗೋಲಿ ಥರದ ಪುಟಾಣಿ ಕೋಸು ಕಂಡ್ರೆ ವಾಂತಿ. ಇನ್ನೊಂದು ಮಗು ಹೇಳಿದ್ದನ್ನು ಫೆಮ್ಕೆ ಇದ್ದ ಹಾಗೇ ಬರೆದುಕೊಂಡಿದ್ದಾಳೆ: "ಭಾನುವಾರ ಸಂಜೆ ಏನು ತಿಂದ್ರೂ ಹೊಟ್ಟೆ ನೋವು. ಅಪ್ಪನ ಮನೆಯಿಂದ ಅಮ್ಮನ ಮನೆಗೆ ಹೋಗೋ ದಿನ." ಆ ಮಗುವಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗುಟ್ಟು ಎಂದರೇನೆಂದು ನನಗೂ ಗೊತ್ತು ಮಾನ್ಯರೇ. ಮೇಲೆ ಬರೆದ ಮೂವರ ಹೆಸರನ್ನು ಅವರ ಮನೆಗೆ ಹೋಗಿ, ಮಕ್ಕಳನ್ನೂ ಅಮ್ಮಂದಿರನ್ನೂ ಕೇಳಿಯೇ ಬರೆದಿದ್ದೇನೆ. ಕೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ಸೈಕಲ್ ಹತ್ತಿದರೆ ಅರ್ಧ ಗಂಟೆ.

ಗೌಪ್ಯತೆಯ ಹೆಸರಲ್ಲಿ ನಿಮಗೆ ಇಷ್ಟು ಕಳವಳವಾಗಿದ್ದು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮದು ಕಿಟಕಿಗೆ ಪರದೆ ಎಳೆಯದ ಊರು. ಬೀದಿಯಲ್ಲಿ ನಡೆದುಹೋಗುವವರಿಗೆ ಯಾರ ಮನೆಯಲ್ಲಿ ಯಾವ ಸಾರು ಎಂಬುದು ಗೊತ್ತಾಗುತ್ತದೆ. ಪ್ರತಿ ಮನೆಯ ಕಕ್ಕಸಿನ ಬಾಗಿಲ ಹಿಂದೆ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುತ್ತದೆ. ಬಂದು ಕೂತವರೆಲ್ಲ ನಮ್ಮ ಬಂಧುಬಳಗದ ವಯಸ್ಸನ್ನು ಲೆಕ್ಕ ಹಾಕಿಕೊಂಡು ಏಳುತ್ತಾರೆ. ನಿಮ್ಮ ಹುಟ್ಟಿದ ದಿನವೂ ಯಾವುದೋ ಕಕ್ಕಸಿನಲ್ಲಿ ತೂಗುತ್ತಿದೆ, ಅದನ್ನು ನಾಶಪಡಿಸಲು ಯಾರಿಗೂ ಹದಿನಾಲ್ಕು ದಿನದ ಗಡುವು ಕೊಟ್ಟಿಲ್ಲ. ಗೆಳೆಯ ಸಾಯಬಾರದೆಂದು ಗೆಳತಿಯೊಬ್ಬಳು ಪೆನ್ಸಿಲ್ಲಿನಲ್ಲಿ ಬರೆದುಕೊಂಡ "ಬೀಜ" ಎಂಬ ಎರಡಕ್ಷರ ಮಾತ್ರ ನಿಮ್ಮ ನಿದ್ದೆ ಕೆಡಿಸಿತೇ? ಮಗುವಿನ ಮೇಲೆ ಮುದ್ರೆ ಬೀಳಬಾರದೆಂದು ಹೆಸರು ಅಳಿಸಿದಿರಿ. ಹೆಸರು ಹೋದ ಮೇಲೆ ಅವಳು "ನಿನ್ನಂಥವಳು" ಆದಳು. ಈಗ ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದಂತೆ ನಿಯಮ ಮುರಿದವಳೂ ಅವಳೇ ಆದಳು. ಅವಳ ಉಸಿರು ಕಟ್ಟಿದ ದಿನ ನಿಮ್ಮಿಂದ ಒಂದು ಸಾಲು ಬರಲಿಲ್ಲ. ಅವಳು ಪ್ರಶ್ನೆ ಕೇಳಿದ ವಾರದಲ್ಲೇ ಮೊಹರು ಒತ್ತಿದ ಪತ್ರ ಬಂತು.

ಆದ್ದರಿಂದ ಈಗ ನನ್ನ ಬೇಡಿಕೆ. ನೀಲಿ ಡಬ್ಬಿಯನ್ನೂ ಟೈಮನ್‌ನ ಡಬ್ಬಿಯನ್ನೂ ಉಳಿದ ಮಕ್ಕಳ ಡಬ್ಬಿಗಳನ್ನೂ ಹೆಸರು, ಫೋಟೋ, ಕೆಂಪು ಅಕ್ಷರಗಳ ಸಮೇತ ಕಪಾಟಿಗೆ ಮರಳಿಸಿ. ಯಾವ ಮಗುವಿಗೆ ಹೆಸರು ಬೇಡವೋ ಆ ಮಗುವನ್ನೇ ಕೇಳಿ, ಆಮೇಲೆ ತೆಗೆಯಿರಿ. ಮಂಗಳವಾರದ ಪತ್ರವನ್ನು ಹಿಂತೆಗೆದುಕೊಳ್ಳಿ. ನನ್ನ ಹೆಸರಿಗೆ ಬೇಡ, ಅವಳ ಹೆಸರಿಗೆ ಬರೆದು ಹಿಂತೆಗೆದುಕೊಳ್ಳಿ. ಅವಳಿಗೆ ಓದಲು ಬರುತ್ತದೆ, ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರ ಓದಿ ಓದಿ ತರಗತಿಯಲ್ಲೇ ಚೆನ್ನಾಗಿ ಓದುವವಳಾಗಿದ್ದಾಳೆ. ನೋಟ್‌ಬುಕ್ ಬೇಕೇ ಬೇಕೆಂದಿದ್ದರೆ ಹದಿನಾಲ್ಕನೇ ತಾರೀಕು ನೀವೇ ಶಾಲೆಗೆ ಬಂದು ಅವಳ ಕೈಯಿಂದ ಇಸಿದುಕೊಳ್ಳಿ. ಇಪ್ಪತ್ತಾರು ಹೆಸರುಗಳ ಕೆಳಗೆ ಅವಳು ಇನ್ನೂ ಒಂದು ಸಾಲು ಸೇರಿಸಿದ್ದಾಳೆ: "ಶಾಲೆಯ ಆಫೀಸಿನ ದೊಡ್ಡವರು." ಮುಂದೆ ಜಾಗ ಖಾಲಿ ಬಿಟ್ಟಿದ್ದಾಳೆ. "ಅವ್ರು ಬಂದ್ರೆ ಅವ್ರಿಗೂ ಕೊಡ್ಬೇಕಲ್ಲ ಅಜ್ಜಿ, ಅವ್ರಿಗೆ ಏನು ಆಗಲ್ವೋ ಗೊತ್ತಿಲ್ಲ" ಎಂದಳು. ನಿಮಗೆ ಆಗದ್ದು ತಪ್ಪು ಎಂಬ ಒಂದು ಪದ ಮಾತ್ರ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಹಂಚುವುದಕ್ಕೆ ಅವಳು ಆರಿಸಿದ್ದು ಕಡಲೆ ನೀರಿನ ಬಿಳಿ ಮಿಠಾಯಿ. ಹಾಲಿಲ್ಲ, ಮೊಟ್ಟೆಯಿಲ್ಲ, ಬೀಜವಿಲ್ಲ, ಗೋಧಿಯಿಲ್ಲ, ಜೆಲಾಟಿನ್ ಇಲ್ಲ. ನೋಟ್‌ಬುಕ್ ಪ್ರಕಾರ ಕಡಲೆ ಆಗದವರು ತರಗತಿಯಲ್ಲಿ ಯಾರೂ ಇಲ್ಲ. ಕಳೆದ ಬುಧವಾರ ಒಮ್ಮೆ ಮಾಡಿ ನೋಡಿದೆವು. ಪಾತ್ರೆ ತೊಳೆದದ್ದು ಅವಳು, ಸಕ್ಕರೆ ಅಳೆದದ್ದು ಅವಳು, ಕೈ ಸೋಲುವ ತನಕ ಕಡೆದದ್ದೂ ಅವಳೇ, ಯಾರಿಗೂ ಮುಟ್ಟಗೊಡಲಿಲ್ಲ. ಓವನ್ನಿನಿಂದ ತೆಗೆದು ಆರಿದ ಮೇಲೆ ನಾನು ಅವನ್ನು ಅವಳ ನೀಲಿ ಡಬ್ಬಿಗೆ ತುಂಬಿ ಮುಂದಿಟ್ಟೆ. ಟೈಮನ್ ನಾಲ್ಕು ತಿಂದ, ವಿಲ್ಲೆಮೈನ್ ಲೆಕ್ಕವಿಲ್ಲದಷ್ಟು ತಿಂದಳು. ಫೆಮ್ಕೆ ಎಲ್ಲರ ತುಟಿಗಳನ್ನೇ ನೋಡುತ್ತ ನಿಂತಿದ್ದಳು, ಊದುತ್ತವೋ ಏನೋ ಎಂದು.

"ನೀನೂ ಒಂದು ತಗೋ ಕಂದಾ. ನೀನೇ ಮಾಡಿದ್ದಲ್ವಾ?" ಅಂದೆ.

ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ಹೂಂ ಅಜ್ಜಿ. ಆದ್ರೆ ನೀನು ಡಬ್ಬೀಲಿ ಹಾಕ್ಬಿಟ್ಯಲ್ಲ."

ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹನ್ನೊಂದೂ ಮುಕ್ಕಾಲು, ಎರಡನೇ ಮಹಡಿ, ಎಡಗಡೆಯ ಕೋಣೆ. ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ನಮ್ಮದು ತಪ್ಪಾಯಿತು ಎಂದು ಹೇಳಿ. ಆಮೇಲೆ ಆ ಡಬ್ಬಿಯಿಂದ ಒಂದನ್ನು ನೀವು ಮೊದಲು ತೆಗೆದು ಅವಳೆದುರು ತಿನ್ನಿ. ಅವಳು ತಿನ್ನುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ತಿನ್ನುವವರೆಗೆ ನೀವು ಅಲ್ಲಿಂದ ಏಳಬಾರದು.

ಇಂತಿ,
ಡಬ್ಬಿಯದ್ದನ್ನು ಕಣ್ಣುಮುಚ್ಚಿ ತಿನ್ನು ಎಂದು ಹೇಳಿಕೊಟ್ಟ,
ನಿಮ್ಮ ನೀತಿಯನ್ನು ಓದಿಯೂ ಬಾಯಿ ಮುಚ್ಚಿಕೊಂಡಿದ್ದ,
ಇನ್ನು ಮುಂದೆ ಮುಚ್ಚದ
ಹೆರ್ಮಿನಾ ಸ್ಲಾಟ್‌ಮನ್
(ಮಧ್ಯಾಹ್ನದ ಪಾಳಿಯ ಅಜ್ಜಿ, ಈ ಪತ್ರ ಅಚ್ಚಾಗುವ ದಿನದವರೆಗಂತೂ)